ಪೆಟ್ಟಿಗೆಯಲ್ಲಿ ಇಲ್ಲದ ಚಿತ್ರ

ಕೊರೋನಾ ನಂತರ ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಅನ್ನಪೂರ್ಣೇಶ್ವರಿ ನಗರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಯುಕೆಜಿ ಮೇಷ್ಟ್ರಾಗಿದ್ದೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಅದೇ ಶಾಲೆಯ ಆಫೀಸಿನಲ್ಲಿದ್ದವನನ್ನು, ಟೀಚರ್ ಸಿಗದೆ ಕ್ಲಾಸಿಗೆ ಹಾಕಿದ್ದರು. ನನ್ನ ಇಂಗ್ಲಿಷಿನ ಬಂಡವಾಳವೆಲ್ಲ ಒಂದು ಫ್ಲ್ಯಾಶ್ ಕಾರ್ಡ್ ಪೆಟ್ಟಿಗೆ: ಮುಂದೆ ಚಿತ್ರ, ಹಿಂದೆ ಅದರ ಹೆಸರು ಇರುವ ನೂರಿಪ್ಪತ್ತು ರಟ್ಟುಗಳು. ಝೈಲೋಫೋನ್ ಎಂಬ ವಾದ್ಯವನ್ನು ನಾನೂ ಮೊದಲು ಕಂಡದ್ದು ಆ ರಟ್ಟಿನಲ್ಲೇ.

ಮಕ್ಕಳ ಬಾಯಲ್ಲಿ ಇಂಗ್ಲಿಷ್ ಪದ ಬರಲೆಂದು ಒಂದು ಆಟ ಕಟ್ಟಿದ್ದೆ. ಕನ್ನಡದಲ್ಲಿ ಏನು ಹೇಳಿದರೂ ಕಿವಿಗೆ ಕೈ ಇಟ್ಟು, ಕೇಳಿಸದವನಂತೆ ತಲೆಯಾಡಿಸುತ್ತಿದ್ದೆ. ಮಕ್ಕಳು ನಗುತ್ತಾ ಪದ ಹುಡುಕುತ್ತಿದ್ದರು. ಪೇರೆಂಟ್ಸ್ ಮೀಟಿಂಗಿನಲ್ಲಿ ಇದನ್ನು ಹೊಗಳಿದ್ದರು.

ಪಕ್ಕದ ಉಲ್ಲಾಳದಿಂದ ಬರುತ್ತಿದ್ದ ಹರ್ಷಿತಾಗೆ ಐದು ವರ್ಷ. ತಾಯಿ ಮಂಜುಳಾ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದರು. ಒಂದು ಸೋಮವಾರ ಮೊದಲ ಪೀರಿಯಡ್‌ನಲ್ಲೇ ಹರ್ಷಿತಾ ಹತ್ತಿರ ಬಂದು, "ಸಾರ್, ಕಿವಿ ನೋಯ್ತಿದೆ" ಎಂದಳು. ನಾನು ಆಟದಂತೆ ಕಿವಿಗೆ ಕೈ ಇಟ್ಟೆ. ಕ್ಲಾಸೆಲ್ಲ ನಕ್ಕಿತು. ಅವಳು ಪೆಟ್ಟಿಗೆಯನ್ನೆಲ್ಲ ತಡಕಿ ಕಿವಿಯ ಚಿತ್ರ ತಂದು "ಇಯರ್" ಎಂದಳು. ಪೂರ್ತಿ ಸೆಂಟೆನ್ಸ್ ಬೇಕೆಂದೆ.

"ದಿಸ್ ಈಸ್ ಮೈ ಇಯರ್, ಸಾರ್."

ಕಣ್ಣಲ್ಲಿ ನೀರಿತ್ತು. ಕ್ಲಾಸು ನಕ್ಕಿದ್ದಕ್ಕೆ ನಾಚಿಕೆ ಇರಬೇಕು ಎಂದುಕೊಂಡು ಚಪ್ಪಾಳೆ ಹೊಡೆಸಿ, ಕೈಮೇಲೆ ಸ್ಟಾರ್ ಅಂಟಿಸಿದೆ. ನೋವಿಗೆ ಆ ಪೆಟ್ಟಿಗೆಯಲ್ಲಿ ರಟ್ಟು ಇರಲಿಲ್ಲ. ಮಧ್ಯಾಹ್ನದೊಳಗೆ ಅದೇ ಚಿತ್ರವನ್ನು ಇನ್ನೂ ಎರಡು ಸಲ ತಂದಳು. ಬೇರೆ ಪದ ಕಲಿ ಎಂದು ವಾಪಸ್ಸು ಕಳಿಸಿದೆ.

ಶಾಲೆ ಬಿಡುವ ಹೊತ್ತಿಗೆ ಅವಳ ಎಡಗಿವಿಯಿಂದ ಕಪ್ಪು ನೀರು ಇಳಿಯುತ್ತಿದ್ದುದನ್ನು ಆಯಾ ನೋಡಿದರು. ನಾವು ಕರೆದೊಯ್ದ ಆಸ್ಪತ್ರೆಯಲ್ಲಿ ಇಎನ್‌ಟಿ ಡಾಕ್ಟರು ಒಳಗಿಂದ ಅಂಗಿ ಗುಂಡಿಯಷ್ಟಿನ ಬ್ಯಾಟರಿ, ಬಟನ್ ಸೆಲ್ ತೆಗೆದರು. ಆಟದ ವಾಚಿನಿಂದ ಕಳಚಿದ್ದನ್ನು ಬೆಳಿಗ್ಗೆ ವ್ಯಾನಿನಲ್ಲಿ ಕಿವಿಗೆ ತೂರಿಸಿಕೊಂಡಿದ್ದಳು. ಅದು ಒಳಗೆ ಇದ್ದಷ್ಟು ಹೊತ್ತೂ ಸುಡುತ್ತಲೇ ಇರುತ್ತದಂತೆ. ಬೆಳಿಗ್ಗೆಯೇ ತಂದಿದ್ದರೆ ಕಿವಿ ಉಳಿಯುತ್ತಿತ್ತು ಎಂದರು.

ಕೆಲಸದಿಂದ ಓಡಿಬಂದ ಮಂಜುಳಾ ನನ್ನನ್ನು ಕೇಳಿದರು: "ಮಗು ನಿಮ್ಮತ್ರ ಏನೂ ಹೇಳ್ಲಿಲ್ವಾ ಸಾರ್?"

"ಇಲ್ಲಮ್ಮ" ಎಂದೆ.

"ಬಾಯಿ ಬಿದ್ದೋಗಿತ್ತೇನೇ ನಿಂಗೆ?" ಎಂದು ಮಗಳನ್ನು ಗದರಿದರು.

"ಇಂಗ್ಲಿಷಲ್ಲೇ ಹೇಳ್ದೆ ಅಮ್ಮ."

"ಸುಳ್ಳು ಬೇರೆ ಹೇಳ್ತೀಯಾ."

ನಾನು ಗೋಡೆ ನೋಡುತ್ತಾ ನಿಂತೆ.

ತಿಂಗಳೊಳಗೆ ಕೆಲಸ ಬಿಟ್ಟೆ. ಆದರೆ ಸತ್ಯ ಹೇಳಲು ಎರಡು ವರ್ಷ ಬೇಕಾಯಿತು. ಉಲ್ಲಾಳದ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಾಗ ಮಂಜುಳಾ ಕೂಗಾಡಲಿಲ್ಲ. "ನಂಗ್ಯಾಕ್ ಹೇಳ್ತೀರಾ ಸಾರ್? ಸುಳ್ಳಿ ಅಂತ ಬೈಸ್ಕೊಂಡಿದ್ದು ಅವಳು. ಅವಳಿಗೇ ಹೇಳಿ. ಬಲಗಡೆ ಕೂತು ಹೇಳಿ" ಎಂದರು.

ಬಲಗಡೆ ಕೂತು ಹೇಳಿದೆ. ಹರ್ಷಿತಾ ಕತ್ತು ವಾಲಿಸಿ ಪೂರ್ತಿ ಕೇಳಿದಳು.

"ಹಂಗಾದ್ರೆ ನಾನು ಇಂಗ್ಲಿಷ್ ತಪ್ಪು ಹೇಳಿರ್ಲಿಲ್ವಾ ಸಾರ್?"

ಎರಡು ವರ್ಷ ಆ ಮಗು, ತಾನು ಹೇಳಿದ ಪದವೇ ತಪ್ಪಿತ್ತೇನೋ ಎಂದುಕೊಂಡಿತ್ತು. ಪದ ಕಲಿಸುವವನು ಮೊದಲು ಮಗು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದು ನಾನು, ಕಿವಿ ಕಳೆದುಕೊಂಡದ್ದು ಅವಳು.