ಹಗ್ಗದ ಮಾವನ ಟ್ಯಾಂಗೊ

ರಂಗದ ಮೇಲೆ ನನಗೆ ಸಿಕ್ಕಿದ ಮೊದಲ ಪಾತ್ರ ಬೀದಿದೀಪದ ಕಂಬ. ಟಿಕೆಟ್ ಕಿಟಕಿಯಲ್ಲಿ ಸಂಬಳಕ್ಕೆ ಕೂರುವ ನನ್ನನ್ನು ನಿರ್ದೇಶಕಿ ಮೇಲಿಂದ ಕೆಳಗೆ ನೋಡಿ, "ಉದ್ದ ಇದ್ದೀಯ, ಮುಖದಲ್ಲಿ ಭಾವನೆ ಏನೂ ಬರಲ್ಲ. ಸರಿಹೋಯ್ತು," ಎಂದರು. ತಲೆ ಮೇಲೆ ಬಲ್ಬು ಹೊತ್ತು ಸುಮ್ಮನೆ ನಿಲ್ಲುವ ಕೆಲಸ. ಅದನ್ನೂ ನಾನು ಕನ್ನಡಿ ಮುಂದೆ ಅಭ್ಯಾಸ ಮಾಡಿದೆ.

ಆದರೆ ಕಥೆ ಕಂಬದ್ದಲ್ಲ, ನನ್ನ ಸೋದರಮಾವನದು. ಇಡೀ ರಂಗಮಂದಿರಕ್ಕೆ ಅವನು ಹಗ್ಗದ ಮಾವ. ಮೀಸೆ ಮೂಡುವ ಮೊದಲೇ ಪರದೆಯ ಹಗ್ಗ ಹಿಡಿದವನು. ಮನೆಯ ಕಿಟಕಿ ಪರದೆ ಸರಿಸುವಾಗಲೂ ಒಮ್ಮೆ ಕೆಮ್ಮಿ ಗಂಭೀರನಾಗುತ್ತಾನೆ. ಅವನು ನಿಲ್ಲುವ ಮೂಲೆಯಿಂದ ರಂಗ ಕಾಣುವುದಿಲ್ಲ. ಬಣ್ಣ ಬಳಿದ ಹಲಗೆಯ ಕೆಳಗಿನ ಸಂದಿಯಲ್ಲಿ ನಟರ ಪಾದಗಳಷ್ಟೇ ಕಾಣುತ್ತವೆ. ಕಾಲು ನಿಂತರೆ ಕಥೆ ಮುಗಿಯಿತು, ಪರದೆ ಇಳಿಸು. ನಾಯಕ ಸತ್ತರೂ ಅಷ್ಟೇ, ಮದುವೆಯಾದರೂ ಅಷ್ಟೇ. ಈ ಲೆಕ್ಕ ಎಂದೂ ಕೈಕೊಟ್ಟಿರಲಿಲ್ಲ.

ಅಷ್ಟರಲ್ಲಿ ಬಂತು ಟ್ಯಾಂಗೊ ಒಪೆರಾ. ಮಾತೇ ಇಲ್ಲ, ಎಲ್ಲ ಹಾಡು. ಹಾಡಿನ ನಡುವೆ ಗಂಡುಹೆಣ್ಣು ಅಪ್ಪಿಕೊಂಡು ಕುಣಿತ. ಕಾಲುಗಳು ಸರ್ರನೆ ಓಡುತ್ತವೆ, ಥಟ್ಟನೆ ನಿಲ್ಲುತ್ತವೆ, ಉಸಿರು ಬಿಗಿಹಿಡಿದು ಮತ್ತೆ ಓಡುತ್ತವೆ. ನಿಂತಾಗಲೆಲ್ಲ ಮಾವ ಹಗ್ಗ ಸಡಿಲಿಸಿದ. ತಾಲೀಮಿನಲ್ಲಿ ಪರದೆ ಮೊದಲು ಹಾಡಿನ ಮೇಲೆ ಬಿತ್ತು, ಆಮೇಲೆ ನಾಯಕನ ಮೂಗಿನ ಮೇಲೆ, ಕೊನೆಗೆ ಬೈಯಲು ಬಂದ ನಿರ್ದೇಶಕಿಯ ಮೇಲೆ.

ಮ್ಯಾನೇಜರ್ ಸಿಡಿದರು. "ಬಟನ್ ಒತ್ತಿದ್ರೆ ಇಳಿಯೋ ಮೋಟಾರ್ ತರಿಸಿದ್ದೀನಿ. ಮೊದಲ ಪ್ರದರ್ಶನದಲ್ಲಿ ಒಂದು ಸಲ ತಪ್ಪಿದ್ರೂ ಹಗ್ಗ ಬಿಚ್ಚಿಸ್ತೀನಿ. ನಿನಗೆ ಗೇಟ್ ಹತ್ರ ಕುರ್ಚಿ."

ಆ ರಾತ್ರಿ ಮನೆಯಲ್ಲಿ ಮಾವನಿಗೆ ಊಟ ಸೇರಲಿಲ್ಲ. ಹಗ್ಗವಿಲ್ಲದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಮಾವ, ಕೊನೆ ಬಂದಾಗ ನಾನು ಬಲ್ಬು ಆರಿಸಿ ಸನ್ನೆ ಮಾಡ್ತೀನಿ," ಎಂದೆ.

"ಮುಚ್ಚೋ ಬಾಯಿ. ಕಂಬ ಹೇಳಿದ ಹಾಗೆ ಕೇಳ್ಬೇಕಾ ನಾನು?"

ನಾಟಕದ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಅತ್ತೆ ತಾಲೀಮನ್ನೆಲ್ಲ ರಂಗದ ಎದುರು ಬದಿಯಿಂದ ನೋಡಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಬನ್ರೀ ಇಲ್ಲಿ. ನಿಮ್ಮ ತಲೆಗೆ ಹೇಳಿ ಪ್ರಯೋಜನ ಇಲ್ಲ, ಕಾಲಿಗೇ ಹೇಳ್ತೀನಿ."

"ಈ ವಯಸ್ಸಲ್ಲಾ?"

"ಇಲ್ಲಾಂದ್ರೆ ಹೋಗಿ, ಗೇಟ್ ಕಾಯ್ರಿ."

ಅಡುಗೆಮನೆಯಲ್ಲಿ ನಾನು ಪಾತ್ರೆಯ ಮುಚ್ಚಳ ಬಡಿದೆ, ಅವರಿಬ್ಬರೂ ಕುಣಿದರು. ಮಾವ ಎರಡು ಸಲ ಒಲೆಗೆ ಡಿಕ್ಕಿ ಹೊಡೆದ. ಅತ್ತೆ ಥಟ್ಟನೆ ನಿಂತಳು. "ನೋಡಿ, ಹಿಮ್ಮಡಿ ಮೇಲಿದೆ. ಅಂದ್ರೆ ಇನ್ನೂ ಬಾಕಿ ಇದೆ. ಹಿಮ್ಮಡಿ ನೆಲಕ್ಕೆ ಊರಿದ್ರೆ ಮುಗೀತು. ಗೊತ್ತಾಯ್ತಾ?"

"ಗೊತ್ತಾಯ್ತು. ಇನ್ನೊಂದು ಸಲ ಕುಣಿಯೋಣ್ವಾ?" ಎಂದ ಮಾವ. ಅತ್ತೆಯ ಕಿವಿ ಕೆಂಪಾದದ್ದನ್ನು ನಾನು ನೋಡಲೇ ಇಲ್ಲ.

ಮೊದಲ ಪ್ರದರ್ಶನಕ್ಕೆ ಊರಿಗೆ ಊರೇ ಬಂದಿತ್ತು. ಕಾಲು ನಿಂತಿತು, ಹಿಮ್ಮಡಿ ಮೇಲಿತ್ತು, ಮಾವ ಹಗ್ಗ ಬಿಗಿಹಿಡಿದ. ಮತ್ತೆ ನಿಂತಿತು, ಮತ್ತೆ ಹಿಡಿದ. ಬೆನ್ನಹಿಂದೆ ಅತ್ತೆ ನಿಂತಿದ್ದಳು. ಕೊನೆಗೆ ನಾಯಕಿಯ ಹಿಮ್ಮಡಿ ಮೆಲ್ಲಗೆ ನೆಲ ಮುಟ್ಟಿತು.

ಪರದೆ ಇಳಿಯತೊಡಗಿತು. ಆದರೆ ಅಷ್ಟರಲ್ಲಿ ಮಾವನ ಕಾಲಿಗೆ ಟ್ಯಾಂಗೊ ಹತ್ತಿಬಿಟ್ಟಿತ್ತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಅತ್ತೆ! ಪರದೆ ಸರ್ರನೆ ಜಾರಿತು, ಥಟ್ಟನೆ ನಿಂತಿತು, ನಡುಗಿತು, ಮತ್ತೆ ಜಾರಿ ನೆಲಕ್ಕೆ ಗೇಣು ದೂರದಲ್ಲಿ ಉಸಿರು ಬಿಗಿಹಿಡಿಯಿತು. ಸಂದಿಯಲ್ಲಿ ಕಂಡದ್ದು ನಾಯಕಿಯ ಕೆಂಪು ಬೂಟು ಮಾತ್ರ. ಸಭೆಯೂ ಉಸಿರು ಬಿಗಿಹಿಡಿಯಿತು. ಪರದೆ ನೆಲ ಮುಟ್ಟಿದ್ದೇ ತಡ, ಜನ ಕುರ್ಚಿ ಬಿಟ್ಟು ಎದ್ದರು.

ಹಿಂದೆ ಸರಿಯಲು ಮರೆತ ನಾನು ಪರದೆಯ ಈಚೆ ಒಬ್ಬನೇ ಉಳಿದಿದ್ದೆ. ಚಪ್ಪಾಳೆ ನನಗೇ ಇರಬೇಕೆಂದು ಬಾಗಿ ನಮಸ್ಕರಿಸಿದೆ. ಬಲ್ಬು ಕಳಚಿ ಮುಂದಿನ ಸಾಲಿಗೆ ಉರುಳಿತು.

ಒಳಗೆ ಓಡಿ ಬಂದ ಮ್ಯಾನೇಜರರ ಅಂಗೈ ಚಪ್ಪಾಳೆ ತಟ್ಟಿ ಕೆಂಪಾಗಿತ್ತು. "ಮೋಟಾರ್ ವಾಪಸ್ ಕಳಿಸ್ತೀನಿ. ನಾಳೆನೂ ಹೀಗೇ ಇಳಿಸ್ಬೇಕು, ಮಾವ!"

"ಹಾಗಾದ್ರೆ ಇವಳೂ ಬರ್ಬೇಕು. ಒಬ್ಬನೇ ಕುಣಿಯೋಕಾಗುತ್ತಾ?"

"ನಾನು ಬಂದ್ರೆ ಇಸ್ತ್ರಿ ಯಾರು ಹಾಕ್ತಾರೆ?" ಎಂದಳು ಅತ್ತೆ.

ಎಲ್ಲರೂ ನನ್ನತ್ತ ತಿರುಗಿದರು.

"ಕಂಬದ ಕೈ ಖಾಲಿ ಇದೆಯಲ್ಲ," ಎಂದ ಮಾವ.

ಈಗ ದಿನವೂ ದೀಪ ಹೊರುವ ಮುಂಚೆ ನಾಯಕನ ಪ್ಯಾಂಟಿಗೆ ಇಸ್ತ್ರಿ ಹಾಕುತ್ತೇನೆ. ನಿನ್ನೆ ಒಂದನ್ನು ಸುಟ್ಟೆ. ಅತ್ತೆಗೆ ಇನ್ನೂ ಗೊತ್ತಿಲ್ಲ; ಅವಳು ಹಗ್ಗದ ಮೂಲೆಯಲ್ಲಿ ಹಿಮ್ಮಡಿ ಎತ್ತಿ ನಿಂತಿದ್ದಾಳೆ.