ನಾಟಕದ ಸೊಸೆ ಏನಂದಳೋ

ಗೆಳೆಯರೇ, ಇಂದು ಸಂಜೆ ತಂಗಿ ಸುಮಿತ್ರೆಯನ್ನು ನೋಡಲು ಬರೋಡಾದಿಂದ ಗಂಡಿನವರು ನಮ್ಮ ಮಣಿನಗರದ ಮನೆಗೆ ಬಂದಿದ್ದರು. ರೇಡಿಯೋದಲ್ಲಿ ಊರ ಕಡೆಯ ಕನ್ನಡ ನಾಟಕ ಬರುತ್ತಿತ್ತು. ಆರಿಸಲು ಹೋದರೆ ಗಂಡಿನ ತಾಯಿ ಬಿಡಲಿಲ್ಲ.

ನಾಟಕದ ಅತ್ತೆ, “ತಿಜೋರಿ ಕೀಲಿ ಯಾರ ಕೈಯಲ್ಲಿರಬೇಕು?” ಎಂದು ಸೊಸೆಯನ್ನು ಗದರಿಸಿದಳು. ಸೊಸೆ ಉತ್ತರಿಸುವಷ್ಟರಲ್ಲಿ ಸ್ಟೇಷನ್ ಮುಳುಗಿ ಬರೀ ಗೊರಗೊರ. ನಾನು ಬೆವರುತ್ತ ಗುಂಡಿ ತಿರುಗಿಸಿದೆ. ಗುಜರಾತಿ ಭಜನೆ ಬಂತು.

“ಸೊಸಿ ಅತ್ತಿ ಕಾಲಿಗೆ ಬಿದ್ದಿರತಾಳ,” ಎಂದರು ಗಂಡಿನ ತಾಯಿ.

“ಯಾಕ ಬೀಳತಾಳ್ರೀ? ತವರಿಗೆ ಹೊಂಟಿರತಾಳ,” ಎಂದಳು ನಮ್ಮವ್ವ.

ಯಾರೂ ಕೇಳದ ಮಾತಿನ ಮೇಲೆ ಇಬ್ಬರೂ ಜಿದ್ದಿಗೆ ಬಿದ್ದರು. ಉಪ್ಪಿಟ್ಟು ಆರಿತು. ಸಂಬಂಧವೂ ಆರುತ್ತದೆಂದು ನನಗೆ ಹೆದರಿಕೆ. ಕಡೆಗೆ ಗಂಡಿನ ತಾಯಿ ಸುಮಿತ್ರೆಯನ್ನೇ ಕೇಳಿದರು, “ನೀ ಹೇಳವಾ.”

ಅವಳು ತಲೆ ಎತ್ತದೆ ಹೇಳಿದಳು, “ಕೀಲಿ ಅತ್ತಿಯವರ ಹಂತ್ಯಾಕ ಇರಲಿರಿ. ಕಳದರ ಅವರೇ ಹುಡಕತಾರ.”

ಗಂಡಿನ ತಾಯಿ ಸೊಂಟದ ಕೀಲಿಗೊಂಚಲು ಮುಟ್ಟಿ ನೋಡಿಕೊಂಡರು. “ಹುಡುಗಿ ಭಾಳ ಶಾಣ್ಯಾಕಿ ಇದ್ದಾಳ. ಪತ್ರಾ ಬರೀತೇವಿ,” ಎಂದು ಎದ್ದರು.

ಅವ್ವ ಹಿಗ್ಗಿದ್ದಾಳೆ. ನನಗೆ ಮಾತ್ರ ಚಿಂತೆ. ಹೆಣ್ಣು ಜಾಣೆ, ಶಾಣ್ಯಾಕಿ ಎಂದು ಗಂಡಿನವರು ಒಪ್ಪಿಕೊಂಡದ್ದನ್ನು ಕೇಳಿದ್ದೇನೆ. ಅದೇ ಕಾರಣಕ್ಕೆ ಹೆಣ್ಣನ್ನು ಒಪ್ಪಿಕೊಂಡದ್ದನ್ನು ಇನ್ನೂ ಕೇಳಿಲ್ಲ.