ಮದ್ದು ಸೊಪ್ಪು ಮತ್ತು ಪರಿಶೀಲನೆಗೆ ಬಂದ ಪ್ರೊಫೆಸರು

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ಪೊನ್ನಂಪೇಟೆಯ ಹತ್ತಿರದ ಒಂದು ಸಣ್ಣ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ಭಾರಿ ಹುದ್ದೆಯೇನಲ್ಲ. ನನ್ನ ಕೈಕೆಳಗೆ ಇದ್ದವಳು ಶನಿವಾರಸಂತೆಯ ರಶ್ಮಿ ಎಂಬ ಸಂಶೋಧನಾ ಸಹಾಯಕಿ ಒಬ್ಬಳೇ. ಕೊಡಗಿನ ಬೇಲಿಗಳಲ್ಲಿ ಬೆಳೆಯುವ ಮದ್ದು ಸೊಪ್ಪಿನ ಸಾರ ತೆಗೆಯಲು ಒಳ್ಳೆಯ ವಿಧಾನ ಕಂಡುಹಿಡಿಯುವುದು ನಮ್ಮ ಪ್ರಾಜೆಕ್ಟ್. ಆಗಸ್ಟಿನ ಪರಿಶೀಲನೆಯಲ್ಲಿ ಫಲಿತಾಂಶ ತೋರಿಸದಿದ್ದರೆ ಪ್ರಾಜೆಕ್ಟ್ ಮುಚ್ಚುತ್ತದೆ, ರಶ್ಮಿಯ ಕೆಲಸವೂ ಹೋಗುತ್ತದೆ ಎಂದು ಪತ್ರ ಬಂದಿತ್ತು.

ಸೊಪ್ಪಿನ ಪುಡಿಯನ್ನು ದ್ರಾವಕದಲ್ಲಿ ಕಲಸಿ ಸೋನಿಕೇಟರ್ ಎಂಬ ಯಂತ್ರದಲ್ಲಿ ಇಡುತ್ತಿದ್ದೆವು. ಕಿವಿಗೆ ಕೇಳದ ಶಬ್ದದ ಅಲೆಗಳು ದ್ರಾವಕದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತವೆ. ಆ ಹೊಡೆತಕ್ಕೆ ಎಲೆಯ ಜೀವಕೋಶ ಬಿರಿದು ಒಳಗಿನ ಸಾರ ಹೊರಬರುತ್ತದೆ. ಎಷ್ಟು ಬಿಸಿ, ಎಷ್ಟು ನಿಮಿಷ, ಎಷ್ಟು ಆಲ್ಕೋಹಾಲಿಗೆ ಎಷ್ಟು ನೀರು ಎಂಬುದರ ಹದ ಹುಡುಕುವುದನ್ನೇ ಆಪ್ಟಿಮೈಸೇಶನ್ ಎನ್ನುವುದು. ಮೂವತ್ತು ಸಲ ಬದಲಿಸಿ ನೋಡಿದೆವು. ಬರಬೇಕಾದದ್ದು ಕಡು ನೇರಳೆ ಸಾರ. ಬಂದದ್ದು ಪಾತ್ರೆ ತೊಳೆದ ನೀರು. ಯಂತ್ರವನ್ನು ಬೈದೆ, ಕರೆಂಟನ್ನು ಬೈದೆ, ಒಮ್ಮೆ ರಶ್ಮಿಯನ್ನೂ ಬೈದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜುಲೈ-ಆಗಸ್ಟಿನಲ್ಲಿ ಬರುವ ಕಕ್ಕಡ ತಿಂಗಳ ಹದಿನೆಂಟನೇ ದಿನ ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ಕೊಡಗಿನ ನಂಬಿಕೆ. ಅಂದು ಮನೆಮನೆಯಲ್ಲೂ ಅದರ ಪಾಯಸ. ಪರಿಶೀಲನೆ ನಿಗದಿಯಾಗಿದ್ದದ್ದು ಅದರ ಮರುದಿನಕ್ಕೆ. ಹದಿನೆಂಟರ ಮಧ್ಯಾಹ್ನ, ನಮಗೆ ಬೇಲಿಯ ಸೊಪ್ಪು ಕೊಡುತ್ತಿದ್ದ ಪಕ್ಕದ ಮನೆಯ ಮುತ್ತಮ್ಮ ಆಂಟಿ ಪಾಯಸದ ಕ್ಯಾರಿಯರ್ ಹಿಡಿದು ಲ್ಯಾಬಿಗೆ ಬಂದರು. ತಟ್ಟೆಯಲ್ಲಿ ಹರಡಿದ್ದ ಒಣ ಸೊಪ್ಪು ಕಂಡು ನಿಂತುಬಿಟ್ಟರು.

“ಒಣಗಿಸಿದ್ರಾ? ಮದ್ದು ಸೊಪ್ಪನ್ನ ಯಾರಾದ್ರೂ ಒಣಗಿಸ್ತಾರಾ ಮೇಡಂ? ಹಸೀದೇ ಅಲ್ವಾ ಬೇಯ್ಸೋದು.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿರುವುದನ್ನು ಏನಂತ ಹೇಳುವುದು ಎಂದರು. ನಿಜವೇ. ವರ್ಷವರ್ಷವೂ ಆ ಪಾಯಸ ತಿಂದು ಬೆಳೆದ ನನಗೂ ಗೊತ್ತಿತ್ತು. ಎಲೆಯನ್ನು ಮೊದಲು ಒಣಗಿಸಿ ಪುಡಿ ಮಾಡಬೇಕೆಂದು ಪುಸ್ತಕ ಹೇಳಿದ್ದೇ ತಡ, ಒಣಗಿಸಿಬಿಟ್ಟಿದ್ದೆ. ಓದಿ ಓದಿ ಮರುಳಾದ ಕೂಚಂಭಟ್ಟನ ಸಾಲಿಗೆ ನಾನೂ ಸೇರಿದ್ದೆ.

ರಶ್ಮಿ ಬೇಲಿಗೆ ಓಡಿ ಹಸಿ ಸೊಪ್ಪು ತಂದು ಜಜ್ಜಿ ಯಂತ್ರಕ್ಕಿಟ್ಟಳು. ಇಪ್ಪತ್ತು ನಿಮಿಷದಲ್ಲಿ ಬೀಕರಿನ ತುಂಬ ನೇರಳೆ ಹಣ್ಣಿನ ಬಣ್ಣ. ಅವಳು ಅತ್ತೇಬಿಟ್ಟಳು.

ಸಂಜೆ ಹೊರಜಿಲ್ಲೆಯಿಂದ ಪರಿಶೀಲಕರು ಬಂದು ಗೆಸ್ಟ್ ಹೌಸಿನಲ್ಲಿ ಇಳಿದರು. ಹಿರಿಯ ಪ್ರೊಫೆಸರು, ಮಿತಭಾಷಿ. ಖುಷಿಯಲ್ಲಿದ್ದ ನಾವು ಪಾಯಸಕ್ಕೆ ತುಪ್ಪ, ಜೇನು ಹಾಕಿ ಬಡಿಸಿದೆವು. ಮೂರು ಬಟ್ಟಲು ತಿಂದರು.

ಬೆಳಿಗ್ಗೆ ಲ್ಯಾಬಿಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಬೀಕರಿನತ್ತ ಕಣ್ಣೆತ್ತಿಯೂ ನೋಡದೆ ನನ್ನನ್ನು ಕಿಟಕಿಯ ಬಳಿಗೆ ಕರೆದು, ದನಿ ತಗ್ಗಿಸಿ ಕೇಳಿದರು: “ಇಲ್ಲಿ ಹತ್ತಿರದಲ್ಲಿ ಒಳ್ಳೆ ಕಿಡ್ನಿ ಡಾಕ್ಟರ್ ಯಾರಿದ್ದಾರೆ?” ಆಗಲೇ ಹೆಂಡತಿಗೆ ಫೋನ್ ಮಾಡಿ, ಇನ್ಶೂರೆನ್ಸ್ ಕಾಗದ ಯಾವ ಬೀರುವಿನಲ್ಲಿದೆ ಎಂದೂ ತಿಳಿಸಿದ್ದರಂತೆ.

ಮದ್ದು ಪಾಯಸ ತಿಂದರೆ ಮರುದಿನ ಮೂತ್ರ ಕೆಂಪಾಗುತ್ತದೆ. ಕೊಡಗಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಹಾಗಾಗಿಯೇ ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಅದನ್ನು ವಿವರಿಸುವಾಗ ನಗು ತಡೆಯಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ರಶ್ಮಿಗೆ ಮಾತ್ರ ನಗು ಬರಲಿಲ್ಲ. ಇವರನ್ನು ಹೀಗೆ ಹೆದರಿಸಿದ ಮೇಲೆ ತನ್ನ ಕೆಲಸ ಹೋದಂತೆಯೇ ಎಂದು ಗೋಡೆಗೊರಗಿ ನಿಂತಿದ್ದಳು.

ಪ್ರೊಫೆಸರು ಕುರ್ಚಿಯಲ್ಲಿ ಕುಸಿದು ಒಂದು ಲೋಟ ನೀರು ಕುಡಿದರು. ಬೀಕರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಈ ಬಣ್ಣ ಬಂದದ್ದು ಸೊಪ್ಪು ಹಸಿಯಾಗಿದ್ದುದರಿಂದಲೋ, ಹದಿನೆಂಟನೇ ದಿನ ಕಿತ್ತದ್ದರಿಂದಲೋ ಎಂದು ವಿಚಾರಿಸಿದರು. ಉತ್ತರ ಕೊಟ್ಟದ್ದು ರಶ್ಮಿ.

“ಗೊತ್ತಿಲ್ಲ ಸರ್. ಬೇರೆ ಬೇರೆ ದಿನ ಹಸಿ ಸೊಪ್ಪು ಕಿತ್ತು ನೋಡ್ಬೇಕು. ಅದಕ್ಕೆ ಇನ್ನೊಂದು ವರ್ಷ ಬೇಕು.”

ಅವರು ತಲೆಯಾಡಿಸಿ ಪೆನ್ನು ತೆಗೆದರು. ಪ್ರಾಜೆಕ್ಟ್ ಇನ್ನೊಂದು ವರ್ಷ ಮುಂದುವರಿಯಿತು, ರಶ್ಮಿಯೂ ಉಳಿದಳು.

ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ, ನಾವೇ ಕೇಳಬೇಕು, ನಾವೇ ಹೇಳಬೇಕು. ನನ್ನ ಕೆಲಸ ಕಲಿಸಿದ ಪಾಠ ಅದೊಂದೇ. ಇನ್ನು ಆ ವರದಿಯ ಕೊನೆಯಲ್ಲಿ ಪ್ರೊಫೆಸರು ಕೈಯಾರೆ ಬರೆದ ಷರಾ ಹೀಗಿತ್ತು: “ಸಾರದ ಬಣ್ಣ ಗಾಢವಾಗಿದೆ. ದೇಹವನ್ನು ಹಾದು ಬಂದರೂ ಮಾಸುವುದಿಲ್ಲ. ಖುದ್ದು ಪರಿಶೀಲಿಸಿದ್ದೇನೆ.”